ಮೊದಲು ಸೊಪ್ಪು ಬಿತ್ತಿ

ಮೂವತ್ತು–ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿಸುವಾಗ ಎಲ್ಲರ ಲೆಕ್ಕಾಚಾರವೂ ಹೆಚ್ಚುಕಡಿಮೆ ಒಂದೇ. ಇನ್ನೊಂದು ಕೋಣೆ ಬರುತ್ತದೆಯೇ, ಕಾರು ಒಳಗೆ ನಿಲ್ಲುತ್ತದೆಯೇ, ಮೇಲೊಂದು ಬಾಡಿಗೆ ಮನೆ ಏಳಿಸಬಹುದೇ. ಈ ಲೆಕ್ಕದ ನಡುವೆ ಹಿತ್ತಲು ಎಲ್ಲಿ ಹೋಯಿತೆಂದು ಕೇಳಲು ಯಾರಿಗೂ ಪುರುಸೊತ್ತಿಲ್ಲ. ಹಿಂದಿನ ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆ ಬಾಳೆ, ಕೆಸು. ಬಾವಿಯ ಪಕ್ಕ ಬಸಳೆ ಚಪ್ಪರ. ಬೇಲಿಗೆ ತೊಂಡೆ, ಚಪ್ಪರದವರೆ. ಗೋಡೆಯ ಮೂಲೆಯಲ್ಲಿ ದೊಡ್ಡಪತ್ರೆ, ಒಂದೆಲಗ. ಇದನ್ನೆಲ್ಲ ಬೆಳೆಯಲು ಯಾರೂ ತರಬೇತಿ ಪಡೆದಿರಲಿಲ್ಲ. ಇಂದು ಬೆಂಗಳೂರಿರಲಿ, ಮೈಸೂರು, ಹುಬ್ಬಳ್ಳಿ, ದಾವಣಗೆರೆಯ ಹೊಸ ಬಡಾವಣೆಗಳಿರಲಿ, ನಮಗೆ ಉಳಿದಿರುವುದು ತಾರಸಿ, ಬಾಲ್ಕನಿ ಮತ್ತು ಗೇಟಿನ ಪಕ್ಕದ ಎರಡಡಿ ಮಣ್ಣು.

ತರಕಾರಿಯ ಬೆಲೆ ಏರಿದಾಗ ಮಾತ್ರ ಈ ಜಾಗ ನಮಗೆ ನೆನಪಾಗುತ್ತದೆ. 2023ರ ಜುಲೈನಲ್ಲಿ ಟೊಮೆಟೊ ಕಿಲೊಗೆ ನೂರು ರೂಪಾಯಿ ದಾಟಿತ್ತು. ಅದೇ ವಾರಗಳಲ್ಲಿ ಎಷ್ಟೋ ಜನ ಹಣ್ಣಾದ ಟೊಮೆಟೊ ಹಿಸುಕಿ ಕುಂಡಕ್ಕೆ ಬಿತ್ತಿದರು. ಗಿಡ ಹೂಬಿಡುವ ಹೊತ್ತಿಗೆ ಪೇಟೆಯಲ್ಲಿ ಬೆಲೆ ಇಳಿದಿತ್ತು, ಕುಂಡದ ಗಿಡಕ್ಕೆ ಎಲೆಮುರುಟು ರೋಗ ಬಂದಿತ್ತು. ಅಲ್ಲಿಗೆ ಉತ್ಸಾಹವೂ ಮುಗಿಯಿತು. ಅವರದೇನೂ ತಪ್ಪಿಲ್ಲ. ಟೊಮೆಟೊ ಕಷ್ಟದ ಬೆಳೆ. ಹೊಸಬರ ಕೈಗೆ ಅದನ್ನು ಮೊದಲೇ ಕೊಡಬಾರದು, ಅಷ್ಟೆ.

ಓದುಗರೇ, ನನ್ನ ಕೋರಿಕೆ ಸಣ್ಣದು. ಈ ಮುಂಗಾರಿನಲ್ಲಿ ನಿಮ್ಮ ಮನೆಯಲ್ಲಿ ಒಂದು ಪಾತಿ ಸೊಪ್ಪು ಬಿತ್ತಿ. ಪಾತಿಗೆ ಜಾಗವಿಲ್ಲದಿದ್ದರೆ ಒಂದು ಕುಂಡ ಸಾಕು. ಅದಕ್ಕೆ ಬೇಕಾದ ಗೊಬ್ಬರವನ್ನು ನಿಮ್ಮದೇ ಅಡುಗೆಮನೆಯ ಹಸಿ ಕಸದಿಂದ ಮಾಡಿಕೊಳ್ಳಿ. ಬೆಂಡೆ, ಬದನೆ, ಟೊಮೆಟೊ ಎಲ್ಲ ಆಮೇಲೆ ತಾವಾಗಿ ಬರುತ್ತವೆ.

ಸೊಪ್ಪೇ ಏಕೆ? ಅದು ಬೇಗ ಕೈಗೆ ಬರುತ್ತದೆ. ಮೆಂತ್ಯ ಮೂರು–ನಾಲ್ಕು ದಿನಕ್ಕೆ ಮೊಳೆತು, ಮೂರು–ನಾಲ್ಕು ವಾರಕ್ಕೆ ಅಡುಗೆಗಾಗುತ್ತದೆ. ಹರಿವೆಯೂ ತಿಂಗಳೊಳಗೆ ಸಿದ್ಧ. ಪಾಲಕ್ ಇನ್ನೊಂದು ವಾರ ಹೆಚ್ಚು ತೆಗೆದುಕೊಂಡರೂ ಕೊಯ್ದಷ್ಟೂ ಚಿಗುರುತ್ತದೆ. ದಿನವಿಡೀ ಬಿಸಿಲು ಬೇಕೆಂದು ಸೊಪ್ಪು ಹಟ ಹಿಡಿಯುವುದಿಲ್ಲ. ದಿನಕ್ಕೆ ಮೂರು–ನಾಲ್ಕು ಗಂಟೆ ಬಿಸಿಲು ಬೀಳುವ ಬಾಲ್ಕನಿಯಲ್ಲೂ ಅದು ಬರುತ್ತದೆ. ಕಾಯಿ ಬಿಡುವ ಗಿಡಕ್ಕೆ ಐದಾರು ಗಂಟೆಯ ಬಿಸಿಲು ಬೇಕೇ ಬೇಕು. ಬೇರು ಆಳಕ್ಕಿಳಿಯದ ಕಾರಣ ಸೊಪ್ಪಿಗೆ ಆರರಿಂದ ಎಂಟು ಅಂಗುಲ ಮಣ್ಣಿದ್ದರೆ ಸಾಕು. ಮೊದಲ ಬೀಜಕ್ಕೆ ಅಂಗಡಿಗೂ ಹೋಗಬೇಕಿಲ್ಲ. ಮೆಂತ್ಯ, ಕೊತ್ತಂಬರಿ ನಿಮ್ಮ ಸಾಂಬಾರ ಡಬ್ಬಿಯಲ್ಲೇ ಇವೆ.

ಊಟದ ದೃಷ್ಟಿಯಿಂದಲೂ ಇದಕ್ಕೆ ಕಾರಣವಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ವರದಿಯಂತೆ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಒಂದು ಕುಂಡ ದಂಟಿನ ಸೊಪ್ಪು ಇದನ್ನು ನೀಗಿಸುತ್ತದೆಂದು ಹೇಳಿದರೆ ಸುಳ್ಳಾದೀತು. ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆ, ಜತೆಗೆ ನಿಂಬೆ ಹಿಂಡಿಕೊಳ್ಳಬೇಕು. ಆದರೂ ಮನೆಯ ಬಾಗಿಲಲ್ಲೇ ಸೊಪ್ಪಿದ್ದರೆ ವಾರಕ್ಕೊಮ್ಮೆ ಆಗುತ್ತಿದ್ದ ಮಸ್ಸೊಪ್ಪು, ಬಸ್ಸಾರು ಎರಡು ಮೂರು ಸಲ ಆಗುತ್ತದೆ. ನಾಳೆಗೆ ಏನು ಸಾರು ಎಂಬ ಪ್ರಶ್ನೆಗೆ ರಾತ್ರಿ ಹತ್ತಕ್ಕೂ ಉತ್ತರ ಸಿಗುತ್ತದೆ.

ಬಿತ್ತುವ ಬಗೆಯನ್ನು ತುಸು ವಿವರವಾಗಿ ಹೇಳುತ್ತೇನೆ. ಹೊಸಬರು ಹೆಚ್ಚಾಗಿ ಸೋಲುವುದು ಇಲ್ಲಿಯೇ. ಕೊತ್ತಂಬರಿಯ ಒಂದು ಕಾಳಿನಲ್ಲಿ ಎರಡು ಬೀಜ ಅಂಟಿಕೊಂಡಿರುತ್ತವೆ. ಕಾಳುಗಳನ್ನು ನೆಲದ ಮೇಲೆ ಹರಡಿ, ಅಂಗೈಯಿಂದಲೋ ಚಪ್ಪಲಿಯಿಂದಲೋ ಹಗುರಾಗಿ ಉಜ್ಜಿ, ಎರಡು ಹೋಳಾಗುವಂತೆ ಮಾಡಿ. ಪುಡಿಯಾಗಬಾರದು. ರಾತ್ರಿ ನೆನೆಸಿ ಬೆಳಿಗ್ಗೆ ಬಿತ್ತಿ. ಮೊಳೆಯಲು ಹತ್ತು ದಿನ ಹಿಡಿದರೂ ಕಾಯಿರಿ. ಹರಿವೆಯ ಬೀಜ ಗಸಗಸೆಯಷ್ಟು ಸಣ್ಣದು. ಹಾಗೇ ಚೆಲ್ಲಿದರೆ ಒಂದೇ ಕಡೆ ಮುದ್ದೆಯಾಗಿ ಬೀಳುತ್ತದೆ. ಒಂದು ಚಮಚ ಬೀಜಕ್ಕೆ ನಾಲ್ಕೈದು ಹಿಡಿ ಒಣಮರಳು ಬೆರೆಸಿ ಉದುರಿಸಿ, ಮೇಲೆ ಮಣ್ಣನ್ನು ತೆಳ್ಳಗೆ ಜರಡಿಯಾಡಿಸಿ. ನೀರನ್ನು ಸುರಿಯಬೇಡಿ, ಚಿಮುಕಿಸಿ. ಇರುವೆಗಳು ಈ ಬೀಜಕ್ಕಾಗಿ ಸಾಲುಗಟ್ಟಿ ಬರುತ್ತವೆ. ಪಾತಿಯ ಅಂಚಿಗೆ ಒಂದಿಷ್ಟು ಅಕ್ಕಿತರಿ ಹಾಕಿಟ್ಟರೆ ಅವು ಅದಕ್ಕೆ ಗಂಟುಬೀಳುತ್ತವೆ, ನಿಮ್ಮ ಬೀಜ ಉಳಿಯುತ್ತದೆ. ಸಸಿ ನಾಲ್ಕು ಅಂಗುಲ ಎದ್ದಾಗ ಒತ್ತೊತ್ತಾಗಿರುವುದನ್ನು ಬೇರುಸಹಿತ ಕಿತ್ತು ಅಡುಗೆಮನೆಗೆ ಕೊಡಿ. ಉಳಿದವು ಬಲಿತು ದಂಟಾಗಲಿ.

ಇನ್ನು ಮಣ್ಣು. ಕೆಂಪು ಮಣ್ಣು, ಹುಡಿಯಾದ ಗೊಬ್ಬರ, ತೆಂಗಿನ ನಾರಿನ ಪುಡಿ, ಮೂರನ್ನೂ ಸಮಭಾಗ ಬೆರೆಸಿ. ಒಂದೆರಡು ಹಿಡಿ ಬೇವಿನ ಹಿಂಡಿ ಸೇರಿಸಿ. ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ಬೆರಳಿಂದ ತಟ್ಟಿದರೆ ಉದುರಬೇಕು. ಅದೇ ಹದ. ಮನೆ ಕಟ್ಟಿದಾಗ ಉಳಿದ ಸಿಮೆಂಟು, ಬಣ್ಣದ ಚಕ್ಕೆಗಳು ಬೆರೆತ ಮಣ್ಣನ್ನು ಮಾತ್ರ ತಿನ್ನುವ ಗಿಡಕ್ಕೆ ಬಳಸಬೇಡಿ.

ನೆಲದ ಮೇಲೆ ಜಾಗವಿದ್ದವರು ಏರುಮಡಿ ಮಾಡಿಕೊಳ್ಳುವುದು ಒಳ್ಳೆಯದು. ಅಗಲ ನಾಲ್ಕಡಿ ಮೀರದಿರಲಿ. ಎರಡೂ ಬದಿಯಿಂದ ಕೈಚಾಚಿದರೆ ನಡುವಿನ ಕಳೆ ಎಟುಕಬೇಕು, ಮಡಿಯನ್ನು ತುಳಿಯುವ ಪ್ರಸಂಗ ಬರಬಾರದು. ಉದ್ದ ನಿಮ್ಮ ಜಾಗದಷ್ಟು. ಎತ್ತರ ಮುಕ್ಕಾಲು ಅಡಿ ಇದ್ದರೆ ಜಡಿಮಳೆಯಲ್ಲೂ ನೀರು ನಿಲ್ಲುವುದಿಲ್ಲ. ಕರಾವಳಿ, ಮಲೆನಾಡಿನವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಮಳೆಗಾಲದ ಬೆಂಡೆ, ಅಲಸಂಡೆ, ಮುಳ್ಳುಸೌತೆಯನ್ನು ಅವರು ಏರಿ ಮಾಡಿಯೇ ಹಾಕುತ್ತಾರೆ. (ಮಂಗಗಳಿಗೆ ಏನು ಮಾಡುತ್ತೀರಿ ಎಂದು ಅವರು ನನ್ನನ್ನು ಕೇಳಿದರೆ ಬಲೆ ಕಟ್ಟಿ ಎನ್ನಬಹುದೇ ಹೊರತು ಬೇರೆ ಉತ್ತರವಿಲ್ಲ.)

ತಾರಸಿಯವರು ಒಂದು ಲೆಕ್ಕವನ್ನು ದಯವಿಟ್ಟು ಗಮನಿಸಬೇಕು. ಜನ ಓಡಾಡುವ ತಾರಸಿಯ ಮೇಲೆ ಚದರ ಮೀಟರಿಗೆ ಸುಮಾರು 150 ಕಿಲೊ ಹೆಚ್ಚುವರಿ ಭಾರ ಬರಬಹುದೆಂದು ಭಾರತೀಯ ಮಾನಕ ಸಂಹಿತೆಯಂತೆ ಎಂಜಿನಿಯರುಗಳು ಲೆಕ್ಕಹಾಕುತ್ತಾರೆ. ಚದರ ಅಡಿಗೆ ಇದು 14 ಕಿಲೊ. ಒಂದು ಅಡಿ ದಪ್ಪದ ಒದ್ದೆ ಮಣ್ಣು ಚದರ ಅಡಿಗೆ 45 ಕಿಲೊ ತೂಗುತ್ತದೆ. ಆದ್ದರಿಂದ ತಾರಸಿಯ ಮೇಲೆ ಇಟ್ಟಿಗೆ ಕಟ್ಟಿ ಮಣ್ಣು ತುಂಬುವ ಮೊದಲು ಕಟ್ಟಡ ಬಲ್ಲವರನ್ನು ಕೇಳಿ. ನೆಲಕ್ಕೆ ಮಡಿ, ತಾರಸಿಗೆ ಕುಂಡ ಎಂದಿಟ್ಟುಕೊಂಡರೆ ಚಿಂತೆಯಿಲ್ಲ. ನಾರಿನ ಪುಡಿ ಹೆಚ್ಚಿರುವ ಹಗುರ ಮಿಶ್ರಣ ಬಳಸಿ. ಭಾರದ ಕುಂಡಗಳನ್ನು ತೊಲೆ, ಗೋಡೆಗಳ ಮೇಲ್ಭಾಗಕ್ಕೆ, ಅಂಚಿಗೆ ಇಡಿ, ನಡುವೆ ಓಡಾಡುವಷ್ಟು ಜಾಗ ಬಿಡಿ. ಇಟ್ಟಿಗೆಯ ಮೇಲೆ ಕುಂಡವಿಟ್ಟರೆ ಅಡಿಯಲ್ಲಿ ಗಾಳಿಯಾಡುತ್ತದೆ, ಸೋರಿಕೆ ಇದ್ದರೆ ಕಣ್ಣಿಗೆ ಬೀಳುತ್ತದೆ. ಅಪಾರ್ಟ್‌ಮೆಂಟಿನವರು ಸಂಘದ ಒಪ್ಪಿಗೆ, ಬಾಡಿಗೆಯವರು ಮಾಲೀಕರ ಒಪ್ಪಿಗೆ ಪಡೆದುಕೊಳ್ಳಿ. ಮೊದಲ ಕೊಯ್ಲಿನ ಒಂದು ಕಟ್ಟು ಸೊಪ್ಪು ಈ ವಿಷಯದಲ್ಲಿ ಅರ್ಜಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಕುಂಡವೆಂದರೆ ಹಣ ಸುರಿದು ತರುವಂಥದ್ದಲ್ಲ. ಬಣ್ಣಬಣ್ಣದ ಸ್ಟ್ಯಾಂಡು, ಕಿಟ್ಟುಗಳನ್ನು ಮೊದಲ ವರ್ಷವೇ ಕೊಳ್ಳಬೇಡಿ. ಚೆನ್ನಾಗಿ ತೊಳೆದ 20 ಲೀಟರಿನ ಬಕೆಟ್, ಎಣ್ಣೆ ಡಬ್ಬ, ಒಡೆದ ಟಬ್ಬು, ಹಣ್ಣಿನ ಕ್ರೇಟಿಗೆ ಹೊದಿಸಿದ ಗೋಣಿಚೀಲ ಎಲ್ಲವೂ ಆಗುತ್ತವೆ. ಅಡಿಯಲ್ಲಿ ನಾಲ್ಕೈದು ತೂತು ಕಡ್ಡಾಯ. ಕುಂಡದ ಗಿಡಗಳು ನೀರಿಲ್ಲದೆ ಸಾಯುವುದಕ್ಕಿಂತ ನೀರು ಹೆಚ್ಚಾಗಿ ಸಾಯುವುದೇ ಜಾಸ್ತಿ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡಿ. ತಂಪಿದ್ದರೆ ಅಂದು ನೀರು ಬೇಡ.

ನೀರಿನ ಮಾತು ಬಂದಿತು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ ಹಾಕುವುದನ್ನೇ ನಿಷೇಧಿಸಿ, 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಕೈತೋಟ ಮಾಡುವವರು ಆ ಆದೇಶವನ್ನು ಬೇಸಿಗೆ ಮುಗಿದ ಮೇಲೂ ತಾವಾಗಿ ಪಾಲಿಸಬಹುದು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಸಿಂಕಿಗೆ ಚೆಲ್ಲದೆ ಒಂದು ಬಕೆಟ್ಟಿಗೆ ಹಿಡಿದಿಡಿ. ನಾಲ್ಕು ಕುಂಡ ಸೊಪ್ಪಿಗೆ ಅಷ್ಟೇ ಸಾಕಾಗುತ್ತದೆ. ಮಣ್ಣಿನ ಮೇಲೆ ಒಣಗಿದ ಎಲೆ ಹೊದಿಸಿದರೆ ಬೇಕಾಗುವ ನೀರು ಇನ್ನೂ ಕಡಿಮೆ. ಮತ್ತೊಂದು ವಿನಂತಿ. ಕುಂಡದ ಅಡಿಯ ತಟ್ಟೆಗಳಲ್ಲಿ ನೀರು ನಿಲ್ಲಲು ಬಿಡಬೇಡಿ. ಡೆಂಗಿ ಹರಡುವ ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ವಾರಕ್ಕೆರಡು ಸಲ ತಟ್ಟೆ ಮಗುಚಿ, ಉಜ್ಜಿ ಒಣಗಿಸಿ. ನಮ್ಮ ಸೊಪ್ಪಿಗಾಗಿ ಪಕ್ಕದ ಮನೆಯ ಮಗು ಜ್ವರ ಬಂದು ಮಲಗುವಂತಾಗಬಾರದು.

ಈಗ ಹಸಿ ಕಸಕ್ಕೆ ಬರುತ್ತೇನೆ. ಈ ಮನವಿ ಬರೆಯಲು ಕುಳಿತದ್ದು ಮುಖ್ಯವಾಗಿ ಇದಕ್ಕಾಗಿಯೇ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತ ಮಂಡೂರಿನ ಜನ 2014ರಲ್ಲಿ ಬೀದಿಗಿಳಿದರು. ಊರಿನ ನೀರು ಕೆಟ್ಟಿತ್ತು, ಗಾಳಿ ನಾರುತ್ತಿತ್ತು. ಅಲ್ಲಿಗೆ ಕಸ ಹೋಗುವುದು ನಿಂತಿತು, ಆದರೆ ಕಸ ಹುಟ್ಟುವುದು ನಿಲ್ಲಲಿಲ್ಲ. ಬೇರೆ ಯಾವುದೋ ಹಳ್ಳಿಯ ಪಕ್ಕಕ್ಕೆ ಅದು ಹೋಗುತ್ತಲೇ ಇದೆ. ಮನೆಯಿಂದ ಹೊರಡುವ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಸಿಪ್ಪೆ, ತೊಟ್ಟು, ಕಾಫಿ ಚರಟ, ಉಳಿದ ಅನ್ನ. ನಾರುವುದೂ ಇದೇ, ಮಣ್ಣಿಗೆ ಸೇರಿದರೆ ಗೊಬ್ಬರವಾಗುವುದೂ ಇದೇ. ಕಸವನ್ನು ಮನೆಯಲ್ಲೇ ವಿಂಗಡಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ನಿಮ್ಮಲ್ಲಿ ಬಹುಮಂದಿ ಈಗಾಗಲೇ ವಿಂಗಡಿಸುತ್ತಿದ್ದೀರಿ. ಹಸಿ ಕಸದ ಬುಟ್ಟಿಯನ್ನು ಗಾಡಿಗೆ ಕೊಡುವ ಬದಲು ತಾರಸಿಗೆ ಹೊತ್ತೊಯ್ಯಿರಿ ಎಂಬುದಷ್ಟೇ ನನ್ನ ಬಿನ್ನಹ.

ಮುಚ್ಚಳವಿರುವ ಒಂದು ಮಣ್ಣಿನ ಮಡಕೆ ಅಥವಾ ಡ್ರಮ್ಮಿಗೆ ಸುತ್ತ ತೂತು ಮಾಡಿ. ತಳಕ್ಕೆ ಒಣ ಎಲೆ ಹಾಸಿ. ಅಂದಂದಿನ ಸಿಪ್ಪೆಗಳನ್ನು ಸಣ್ಣದಾಗಿ ಹೆಚ್ಚಿ ಹಾಕಿ, ಅದರ ಎರಡರಷ್ಟು ಒಣ ಎಲೆ ಮುಚ್ಚಿ. ಮೊದಲ ಸಲ ಒಂದು ಹಿಡಿ ಹಳೆಯ ಗೊಬ್ಬರವನ್ನೋ ಹುಳಿ ಮಜ್ಜಿಗೆಯನ್ನೋ ಸೇರಿಸಿದರೆ ಕೊಳೆಯುವ ಕೆಲಸ ಬೇಗ ಹಿಡಿಯುತ್ತದೆ. ವಾರಕ್ಕೊಮ್ಮೆ ಕೋಲಿನಿಂದ ಕೆದಕಿ. ವಾಸನೆ ಬಂದರೆ ನೀರಂಶ ಹೆಚ್ಚಿದೆ ಎಂದರ್ಥ, ಇನ್ನಷ್ಟು ಎಲೆ ಸುರಿಯಿರಿ. ಬಿಳಿ ಬೂಷ್ಟು ಕಂಡರೆ ಹೆದರಬೇಡಿ, ಕೆಲಸ ನಡೆಯುತ್ತಿದೆ. ಮಡಕೆ ತುಂಬಿದ ಮೇಲೆ ಒಂದೂವರೆ, ಎರಡು ತಿಂಗಳು ಬಿಟ್ಟರೆ ಮಳೆ ಬಿದ್ದ ನೆಲದ ವಾಸನೆಯ ಕಪ್ಪು ಹುಡಿ ಸಿಗುತ್ತದೆ. ಒಣ ಎಲೆಗೆ ಎಲ್ಲಿಗೆ ಹೋಗೋಣ ಎನ್ನುವವರು ಫೆಬ್ರವರಿಯಲ್ಲಿ ನಿಮ್ಮ ರಸ್ತೆಯ ಹೊಂಗೆ, ಮಳೆಮರಗಳ ಕೆಳಗೆ ನೋಡಿ. ಗುಡಿಸಿ ಬೆಂಕಿ ಹಚ್ಚುವ ಮೊದಲೇ ಎರಡು ಚೀಲ ತುಂಬಿಟ್ಟುಕೊಂಡರೆ ವರ್ಷ ಕಳೆಯುತ್ತದೆ, ಬೀದಿಗೆ ಹೊಗೆಯೂ ತಪ್ಪುತ್ತದೆ.

ಸೊಪ್ಪು ಕೈಹಿಡಿದ ಮೇಲೆ ಕಾಯಿಗೆ ಬನ್ನಿ. ಬೆಂಡೆ, ಹುರುಳಿಕಾಯಿ ಎರಡೂ ಸುಮಾರು 50 ದಿನಕ್ಕೆ ಕೊಯ್ಲಿಗೆ ಬರುವ ಸುಲಭದ ಬೆಳೆಗಳು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ನಮ್ಮ ನೆಲಕ್ಕೆ ಹೊಂದುವ ತಳಿಗಳನ್ನು ‘ಅರ್ಕಾ’ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿದೆ. ಹಳದಿ ನರ ರೋಗ ತಡೆಯುವ ಅರ್ಕಾ ಅನಾಮಿಕಾ ಬೆಂಡೆ, ಅರ್ಕಾ ಕೋಮಲ್ ಹುರುಳಿಕಾಯಿ, ಹಲವು ಸಲ ಕೊಯ್ಯಬಹುದಾದ ಅರ್ಕಾ ಸುಗುಣ ಹರಿವೆ ಮನೆತೋಟಕ್ಕೆ ಹೇಳಿಮಾಡಿಸಿದವು. ಇವುಗಳ ಬೀಜವನ್ನು ನೀವೇ ಉಳಿಸಿಕೊಳ್ಳಬಹುದು. ಅರ್ಕಾ ರಕ್ಷಕ್ ಟೊಮೆಟೊ ಕೆಲವು ರೋಗಗಳಿಗೆ ಬೇಗ ಬಗ್ಗುವುದಿಲ್ಲ. ಆದರೆ ಅದು ಸಂಕರ ತಳಿ, ಅದರ ಹಣ್ಣಿನ ಬೀಜ ಮುಂದಿನ ಸಲ ಅದೇ ಗುಣ ಕೊಡುವುದಿಲ್ಲ. ಬೆಂಗಳೂರಿನಲ್ಲಿ ತಾರಸಿ ಕೃಷಿಯನ್ನು ಮನೆಮನೆಯ ಮಾತಾಗಿಸಿದ ಕೀಟವಿಜ್ಞಾನಿ ಡಾ. ಬಿ. ಎನ್. ವಿಶ್ವನಾಥ್ ಅವರಿಂದ ಕಲಿತ ಎಷ್ಟೋ ಮಂದಿ ಇಂದು ಇತರರಿಗೆ ಕಲಿಸುತ್ತಿದ್ದಾರೆ. ಯಾರಾದರೂ ನಿಮ್ಮ ಬಡಾವಣೆಯಲ್ಲೇ ಇರಬಹುದು, ವಿಚಾರಿಸಿ.

ಹೀರೆ, ಸೋರೆ, ಕುಂಬಳ ಹಬ್ಬಿಸಿದವರ ಸಾಮಾನ್ಯ ದೂರು ಒಂದಿದೆ: ಹೂ ತುಂಬ ಬಿಡುತ್ತದೆ, ಕಾಯಿ ನಿಲ್ಲುವುದಿಲ್ಲ. ಮೂರು–ನಾಲ್ಕನೇ ಮಹಡಿಗೆ ಜೇನು ಬರುವುದು ಕಡಿಮೆ, ಕಾರಣ ಅದು. ಪರಾಗ ಮುಟ್ಟಿಸುವ ಆ ಕೆಲಸವನ್ನು ನೀವೇ ಮಾಡಬಹುದು. ಕುಂಬಳದ ಹೂ ಬೆಳಗಿನ ಜಾವ ಅರಳಿದರೆ ಹೀರೆ ಸಂಜೆ ಅರಳುತ್ತದೆ, ಸೋರೆಯ ಬಿಳಿ ಹೂ ಮುಸ್ಸಂಜೆಗೆ. ಹೆಣ್ಣು ಹೂವಿನ ಹಿಂದೆ ಬೆರಳ ತುದಿಯಷ್ಟು ಎಳೆ ಮಿಡಿ ಇರುತ್ತದೆ. ಗಂಡು ಹೂವಿನ ಹಿಂದೆ ಬರೀ ತೊಟ್ಟು. ಗಂಡು ಹೂವೊಂದನ್ನು ಕಿತ್ತು, ಎಸಳು ಹಿಂದಕ್ಕೆ ಮಡಚಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ಒಡಲಿಗೆ ಮೆಲ್ಲನೆ ಸವರಿ. ಗರ್ಭ ಕಟ್ಟದ ಮಿಡಿ ಮೂರು ದಿನದಲ್ಲಿ ಹಳದಿಯಾಗಿ ಉದುರುತ್ತದೆ. ಕಟ್ಟಿದ್ದು ದಿನದಿಂದ ದಿನಕ್ಕೆ ಉದ್ದವಾಗುತ್ತದೆ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಈ ಕೆಲಸವನ್ನು ಅವರಿಗೇ ಬಿಡಿ. ಮಿಡಿ ನಿಂತಿತೋ ಇಲ್ಲವೋ ಎಂದು ಅವರು ನಿಮಗಿಂತ ಮೊದಲು ಎದ್ದು ನೋಡುತ್ತಾರೆ.

ಹುಳು ಬರುತ್ತದೆ. ಬಂದೇ ಬರುತ್ತದೆ. ಹೇನು, ಹಿಟ್ಟುತಿಗಣೆ ಕಂಡ ಎಲೆಯನ್ನು ಮೊದಲು ಕಿತ್ತುಹಾಕಿ. ಸಾಲದಿದ್ದರೆ ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ಕಲಸಿಕೊಳ್ಳಲು ನಾಲ್ಕು ಹನಿ ಸೋಪಿನ ದ್ರವ ಹಾಕಿ ಸಂಜೆ ಹೊತ್ತು ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ಅದಕ್ಕಿಂತ ಉಗ್ರವಾದ ಔಷಧ ತಿನ್ನುವ ಸೊಪ್ಪಿಗೆ ಬೇಡ. ಟೊಮೆಟೊದ ತಳ ಕಪ್ಪಾದರೆ ಅದು ಹುಳುವಿನ ಕೆಲಸವಲ್ಲ. ಒಂದು ದಿನ ಮುಳುಗಿಸಿ ಮೂರು ದಿನ ಒಣಗಿಸಿದರೆ ಗಿಡಕ್ಕೆ ಸುಣ್ಣದಂಶ ಸೇರುವುದಿಲ್ಲ, ನೀರು ಕೊಡುವುದನ್ನು ಒಂದು ಕ್ರಮಕ್ಕೆ ತನ್ನಿ.

ಖರ್ಚು–ಲಾಭ ಬರೆಯಲು ಕುಳಿತರೆ ಮೊದಲ ವರ್ಷ ಏನೂ ಉಳಿಯಲಿಕ್ಕಿಲ್ಲ. ಈರುಳ್ಳಿ, ಆಲೂಗಡ್ಡೆಯನ್ನು ಹೇಗೂ ಸಂತೆಯಿಂದಲೇ ತರುತ್ತೀರಿ, ತರಬೇಕು ಕೂಡ. ಆದರೆ ಒಂದು ಬದನೆ ಗಿಡವನ್ನು ಕಾಂಡಕೊರಕದಿಂದ ಉಳಿಸಿಕೊಂಡವರು ಬೆಳಗಿನ ಜಾವ ಸೊಪ್ಪು ಹೊತ್ತು ತರುವವರ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡುವುದನ್ನು ನಾನು ಕಂಡದ್ದು ಕಡಿಮೆ.

ಕೊನೆಯದಾಗಿ, ಪಾತಿಯಲ್ಲಿ ಚೆನ್ನಾಗಿ ಬೆಳೆದ ಒಂದೆರಡು ದಂಟನ್ನು ಕೊಯ್ಯದೆ ಬಿಡಿ. ಅದು ಆಳೆತ್ತರ ಬೆಳೆದು ತೆನೆ ಬಿಡುತ್ತದೆ. ತೆನೆ ಒಣಗಲು ಶುರುವಾದಾಗ ಕೊಯ್ದು, ಕಾಗದದ ಮೇಲೆ ಕೊಡವಿ, ಹೊಟ್ಟನ್ನು ಊದಿ. ಮಿಣಮಿಣ ಹೊಳೆಯುವ ಕಪ್ಪು ಬೀಜ ಸಾವಿರಗಟ್ಟಲೆ ಬೀಳುತ್ತದೆ. ನೆರಳಿನಲ್ಲಿ ಒಂದು ವಾರ ಒಣಗಿಸಿ, ಚಿಕ್ಕ ಚಿಕ್ಕ ಲಕೋಟೆಗಳಲ್ಲಿ ಕಟ್ಟಿ, ಮೇಲೆ ಹೆಸರು ಮತ್ತು ತಿಂಗಳು ಬರೆಯಿರಿ. ಒಂದು ನಿಮಗೆ ಇರಲಿ. ಉಳಿದವನ್ನು ಎದುರು ಮನೆಗೆ, ಕೆಳಗಿನ ಮಹಡಿಗೆ, ಬಿಸಿಯೂಟ ಬೇಯಿಸುವ ಹತ್ತಿರದ ಸರ್ಕಾರಿ ಶಾಲೆಗೆ ಕೊಡಿ. ‘ನಮ್ಮಲ್ಲಿ ಜಾಗವಿಲ್ಲವಲ್ಲ’ ಎಂದು ಯಾರಾದರೂ ಅಂದರೆ, ಮಣ್ಣು ತುಂಬಿದ ಒಂದು ಬಕೆಟನ್ನೂ ಜತೆಗೆ ಕೊಟ್ಟುಬನ್ನಿ.